ನೋಡದೆ ಹಾಕಿದ ಸಹಿ

ಸುತ್ತೋಲೆ ಬಂದ ಹೊತ್ತಿಗೆ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಮಂಡಿ ಮೇಡಂ ಒಬ್ಬ ಬಸ್ ಕಂಡಕ್ಟರನ ಕಾಲು ಮಡಚಿಸುತ್ತಿದ್ದರು. ಮಂಡಿಚಿಪ್ಪು ಒಡೆದು, ಒಳಗೆ ತಂತಿ ಕಟ್ಟಿಸಿಕೊಂಡು, ಎರಡು ತಿಂಗಳು ಕಾಲು ನೀಡಿಕೊಂಡೇ ಬಿದ್ದಿದ್ದ ಆಸಾಮಿ. ಬೆರಳಗಲ ಹೆಚ್ಚು ಮಡಚಿಸಿದರೂ ಪಕ್ಕದ ಬಟ್ಟೆ ಒಗೆಯುವ ಕೋಣೆಯವರು ಓಡಿ ಬರುವಂತೆ ಕೂಗುತ್ತಿದ್ದ. ಮೇಡಂ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

"ಕೂಗಿ, ಚೆನ್ನಾಗಿ ಕೂಗಿ. ಬಾಯಿಗೂ ಒಂದಿಷ್ಟು ವ್ಯಾಯಾಮ ಆಗತ್ತೆ. ಕಾಲು ಮಾತ್ರ ಸಡಿಲ ಬಿಡಿ."

ಟಪಾಲಿನ ಗುಮಾಸ್ತೆ ಬಾಗಿಲಲ್ಲೇ ನಿಂತು, ಮೂಗಿನ ಮೇಲಿಂದ ಜಾರುತ್ತಿದ್ದ ಮಾಸ್ಕನ್ನು ಮೇಲೆತ್ತಿಕೊಳ್ಳುತ್ತ ಕಾಗದ ಚಾಚಿದಳು. ಸೋಂಕು ಹರಡುತ್ತಿರುವ ಕಾರಣ ಅತ್ಯಗತ್ಯವಲ್ಲದ ಹೊರರೋಗಿ ಸೇವೆಗಳನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು. ಕೆಳಗೆ ಪಟ್ಟಿ. ಮೊದಲನೆಯದು ಫಿಸಿಯೋಥೆರಪಿ, ಎರಡನೆಯದು ಹಲ್ಲು ಬಿಳುಪು ಮಾಡುವ ವಿಭಾಗ, ಮೂರನೆಯದು ಆಸ್ಪತ್ರೆಯ ವಾಚನಾಲಯ. ಆ ವಾಚನಾಲಯದೊಳಕ್ಕೆ ಹೊಕ್ಕವರನ್ನು ಮೇಡಂ ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಂಡದ್ದಿಲ್ಲ. ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ತಮ್ಮನ್ನು ಇಟ್ಟಿದ್ದಾರಲ್ಲ ಎಂದು ಅವರಿಗೆ ನಗು ಬಂತು. ಒಳ್ಳೆಯ ನಗುವಲ್ಲ.

ಸುತ್ತೋಲೆಯ ಕರ್ತೃ ಆಸ್ಪತ್ರೆಯ ಆಡಳಿತಾಧಿಕಾರಿ. ಮೇಡಂ ಅವರಿಗೆ ಸುತ್ತೋಲೆ ಸಾಹೇಬ ಎಂದು ಹೆಸರಿಟ್ಟು ಆರು ವರ್ಷವಾಗಿತ್ತು. ಈಗ ವಾರ್ಡಿನ ಆಯಾಗಳೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಬಾಗಿಲನ್ನು ಸದ್ದಾಗದಂತೆ ಹಾಕುವುದಕ್ಕೆ ಒಂದು ಸುತ್ತೋಲೆ, ಕಾಗದ ಪೋಲು ಮಾಡಬಾರದೆಂದು ಮೂರು ಪ್ರತಿಗಳಲ್ಲಿ ಇನ್ನೊಂದು ಸುತ್ತೋಲೆ. ರೋಗಿಯೊಬ್ಬನ ಬರಿಗಾಲನ್ನು ಹತ್ತಿರದಿಂದ ನೋಡಿಯೇ ಇರದ ಮನುಷ್ಯ ಯಾವ ಕಾಲು ಅತ್ಯಗತ್ಯ, ಯಾವುದು ಅಲ್ಲ ಎಂದು ಬರೆದು ಕಳಿಸಿದ್ದ. ಊರಿಗೆಲ್ಲ ಕೈ ತೊಳೆದುಕೊಳ್ಳಿ ಎಂದು ಹೇಳುತ್ತಿದ್ದ ಕಾಲ; ಸಾಹೇಬರು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಶುಭ್ರವಾಗಿ, ತಮ್ಮ ಹೊರರೋಗಿಗಳಿಂದ ಕೈ ತೊಳೆದುಕೊಂಡಿದ್ದರು.

"ನಾಳೆಯಿಂದ ಬರೋದು ಬೇಡವಂತೆ" ಎಂದು ಮೇಡಂ ಕಂಡಕ್ಟರನಿಗೆ ಹೇಳಿದರು.

ಅವನ ಮುಖ ಅರಳಿದ್ದನ್ನು ನೋಡಿ ಇನ್ನಷ್ಟು ರೇಗಿತು. "ಖುಷಿಯಾಯ್ತಾ? ಮನೇಲಿ ದಿನಕ್ಕೆ ನಾಲ್ಕು ಸಲ ಮಡಚಿ. ಮಡಚದಿದ್ರೆ ಈ ಕಾಲು ಬಾಗಿಲಿನ ಅಗಣಿ ಥರ ಆಗತ್ತೆ, ಬಸ್ ಹತ್ತೋದು ಕನಸಲ್ಲೇ."

ಮರುದಿನ ಮೇಡಂ ಅವರಿಗೆ ಹೊಸ ಕೆಲಸ ಸಿಕ್ಕಿತು. ಆಸ್ಪತ್ರೆಯ ಗೇಟಿನಲ್ಲಿ ನಿಂತು, ಬಂದವರ ಹಣೆಗೆ ಪಿಸ್ತೂಲಿನಂಥ ಜ್ವರಮಾಪಕ ಹಿಡಿದು, ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಬೆನ್ನ ಮೇಲೆ ಹೆಬ್ಬೆರಳು ಒತ್ತಿ ಯಾವ ಸ್ನಾಯು ಎಲ್ಲಿ ಗಂಟು ಹಾಕಿಕೊಂಡಿದೆ ಎಂದು ಹೇಳಬಲ್ಲ ಹೆಂಗಸಿಗೆ ಯಾರನ್ನೂ ಮುಟ್ಟದ ಕೆಲಸ ಕೊಟ್ಟಿದ್ದರು. ಅವರ ಕೋಣೆ ಉಗ್ರಾಣವಾಯಿತು. ಮೂರನೆಯ ದಿನ ಏನನ್ನೋ ತರಲು ಹೋದಾಗ, ನಡಿಗೆ ಕಲಿಸುವ ಜೋಡಿ ಕಂಬಿಗಳ ಮೇಲೆ ಒದ್ದೆ ರಕ್ಷಣಾ ಗೌನುಗಳನ್ನು ಒಣಹಾಕಿರುವುದನ್ನು ಕಂಡರು. ನಿಲುಗನ್ನಡಿಗೆ ಅಡ್ಡವಾಗಿ ಕೈಗವಸಿನ ಪೆಟ್ಟಿಗೆಗಳು ಮಾಡಿನವರೆಗೆ ಏರಿದ್ದವು. ಹತ್ತಿ ಇಳಿಯುವುದನ್ನು ಕಲಿಸಲೆಂದೇ ಮಾಡಿಸಿದ್ದ ಮೂರು ಮೆಟ್ಟಿಲಿನ ಮರದ ಏಣಿಯ ಮೇಲೆ ಯಾರೋ ಟೀ ಲೋಟ ಇಟ್ಟು ಮರೆತಿದ್ದರು. ಅದರಲ್ಲಿ ಬೂಷ್ಟು ಹಿಡಿದಿತ್ತು.

"ಒಟ್ಟಿನಲ್ಲಿ ಯಾವುದಾದರೂ ಜೀವ ಬೆಳೀತಿದೆಯಲ್ಲ ಇಲ್ಲಿ" ಎಂದುಕೊಂಡು ಬಾಗಿಲು ಹಾಕಿದರು. ಸದ್ದಾಗುವಂತೆಯೇ ಹಾಕಿದರು.

ಗೇಟಿನ ಕೆಲಸದ ಅತಿ ಕೆಟ್ಟ ಭಾಗವೆಂದರೆ ತಮ್ಮದೇ ರೋಗಿಗಳನ್ನು ತಾವೇ ಹಿಂದಕ್ಕೆ ಕಳಿಸಬೇಕಾದದ್ದು. ಬೆಳ್ಳಗೆ ಬಳಿದ ವೃತ್ತಗಳಲ್ಲಿ ನಿಂತು, ಕುಂಟುತ್ತ ಒಂದೊಂದೇ ವೃತ್ತ ಮುಂದೆ ಬಂದವರಿಗೆ ಕೊನೆಯಲ್ಲಿ ಸಿಗುತ್ತಿದ್ದದ್ದು ಒಂದು ಅಂಕಿ ಮತ್ತು "ವಾಪಸ್ ಹೋಗಿ" ಎಂಬ ಎರಡು ಮಾತು.

ಹಾಗೆ ಬಂದವರಲ್ಲಿ ಜೆರಾಕ್ಸಮ್ಮನೂ ಒಬ್ಬಳು. ಆಸ್ಪತ್ರೆಯ ಗೇಟಿಗೆ ಎದುರಾಗಿ ಅವಳ ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಪ್ರತಿಯೊಂದು ಕಾಗದವೂ ಅವಳ ಕೈದಾಟಿಯೇ ಹೋಗಬೇಕು. ಯಾರ ಕಿಡ್ನಿಯಲ್ಲಿ ಕಲ್ಲಿದೆ, ಯಾವ ಡಾಕ್ಟರಿಗೆ ವರ್ಗವಾಗಿದೆ ಎಂಬುದು ಅವರವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅರವತ್ತೊಂದು ವಯಸ್ಸು, ತಂಗಿಯ ಜೊತೆ ವಾಸ, ನಾಲಿಗೆ ಹೊಸ ಬ್ಲೇಡು. ಮೇಲಿನ ಹಲಗೆಯಿಂದ ಕಾಗದದ ಕಟ್ಟು ತೆಗೆಯಲು ಸ್ಟೂಲು ಹತ್ತಿ ಬಿದ್ದು, ತೊಡೆಮೂಳೆಯ ಕತ್ತು ಮುರಿದುಕೊಂಡಿದ್ದಳು. ಸೊಂಟದ ಕೀಲಿಗೆ ಲೋಹದ ಗುಂಡು ಕೂರಿಸಿದ ಮೂರನೆಯ ದಿನಕ್ಕೇ ವಾರ್ಡು ಖಾಲಿ ಮಾಡಿಸುವ ಆದೇಶ ಬಂದು, ಕೈಗೊಂದು ವಾಕರ್ ಕೊಟ್ಟು ಮನೆಗೆ ಸಾಗಹಾಕಿದ್ದರು. ಮೂರು ವಾರದ ಮೇಲೆ, ತಂಗಿಯ ಜೊತೆ, ಹೇಳಿದ ದಿನಕ್ಕೆ ಸರಿಯಾಗಿ ವ್ಯಾಯಾಮಕ್ಕೆಂದು ಬಂದಿದ್ದಳು.

"ಏನ್ ಮೇಡಂ, ಪೊಲೀಸ್ ಕೆಲಸಕ್ಕೆ ಸೇರಿದ್ರಾ?"

"ಇಲ್ಲ, ಹಣೆ ನೋಡಿ ಭವಿಷ್ಯ ಹೇಳೋ ಕೆಲಸ. ನಿಮ್ಮದು ತೊಂಬತ್ತೇಳು ಪಾಯಿಂಟ್ ಎರಡು. ಭವಿಷ್ಯ ಚೆನ್ನಾಗಿದೆ, ಮನೆಗೆ ಹೋಗಿ."

"ಮನೆಯಿಂದಲೇ ಬಂದೆ. ಕಾಲು ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ನೀವು ಅತ್ಯಗತ್ಯ ಅಲ್ಲವಂತೆ. ನಾನೂ ಅಲ್ಲ."

"ಯಾವಾಗ ಬರ್ಲಿ ಹಾಗಾದ್ರೆ?"

"ಮುಂದಿನ ಆದೇಶ ಬಂದಾಗ."

"ಆ ಸುತ್ತೋಲೆ ನಮ್ಮ ಅಂಗಡೀಲೇ ಜೆರಾಕ್ಸ್ ಆಗೋದಲ್ವಾ? ಅಂಗಡಿ ಮುಚ್ಚಿದೆ, ನನಗೆ ಹೇಗೆ ಗೊತ್ತಾಗಬೇಕು?"

ಹಿಂದಿನವರು ಗೊಣಗತೊಡಗಿದರು. ಮೇಡಂ ಅರ್ಧ ನಿಮಿಷದಲ್ಲಿ ಹೇಳಬೇಕಾದದ್ದನ್ನು ಹೇಳಿದರು. "ಮೂರು ಮಾತು ನೆನಪಿಟ್ಕೊಳ್ಳಿ. ನೆಲದ ಮೇಲೆ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಸೊಂಟದಿಂದ ಬಗ್ಗಿ ಏನೂ ಎತ್ತಬಾರದು. ನಾನು ಬೇರೆ ಹೇಳೋ ತನಕ."

"ನೀವು ಬೇರೆ ಹೇಳೋ ತನಕ" ಎಂದು ಜೆರಾಕ್ಸಮ್ಮ ಪಾಠ ಒಪ್ಪಿಸಿದಳು. ತಂಗಿ ಅವಳ ಹಿಂದೆಯೇ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು, ನಡೆದುಹೋದಳು.

ಆಮೇಲೆ ಸಾಹೇಬರು ಹೊರರೋಗಿಗಳ ಮೇಲೆ ದಯೆ ತೋರಿಸಿದರು. ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ಮೇಡಂ ಫೋನಿನಲ್ಲಿ ಚಿಕಿತ್ಸೆ ನೀಡತಕ್ಕದ್ದು. ನಲವತ್ತಮೂರು ರೋಗಿಗಳು, ಅರ್ಧ ಗಂಟೆ. ಕಂಡಕ್ಟರನಿಗೆ ಫೋನು ಮಾಡಿದರೆ ಹಿಂದೆ ಟೀವಿಯಲ್ಲಿ ಯಾರೋ ಅಳುತ್ತಿರುವುದು ಕೇಳುತ್ತಿತ್ತು.

"ಕಾಲು ಮಡಚ್ತಿದೀರಾ?"

"ಮಡಚ್ತಾನೇ ಇದೀನಿ ಮೇಡಂ."

"ಎಷ್ಟು ಮಡಚತ್ತೆ?"

"ಬೇಕಾದಷ್ಟು ಮಡಚತ್ತೆ."

"ಯಾರಿಗೆ ಬೇಕಾದಷ್ಟು?"

"ನಮಗೆ, ಮೇಡಂ."

ಮುಂಗೈ ಮುರಿದು ಕಟ್ಟು ಬಿಚ್ಚಿಸಿಕೊಂಡಿದ್ದ ದರ್ಜಿಯೊಬ್ಬ ಬೆರಳುಗಳು ಊದಿವೆ ಎಂದ. ಎಷ್ಟು ಊದಿವೆ ಎಂದರೆ, ಫೋನನ್ನು ಬೆರಳ ಹತ್ತಿರ ಹಿಡಿದು "ನೋಡಿ, ಇಷ್ಟು" ಎಂದ. ಅದು ಚಿತ್ರ ಕಾಣುವ ಫೋನಲ್ಲ. ಮೇಡಂ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು ಆ ಕಾಣದ ಬೆರಳುಗಳನ್ನು ನೋಡಿದರು. ಕೇಳಿ ಮೂಳೆ ಕೂಡಿಸುವುದಾದರೆ ರೇಡಿಯೋದವರೇ ಮಾಡುತ್ತಿದ್ದರಲ್ಲ ಎಂದು ಸಂಜೆ ಗಂಡನ ಹತ್ತಿರ ಹೇಳಿಕೊಂಡರು. ಗಂಡ ಹೈಸ್ಕೂಲಿನ ಗಣಿತದ ಮೇಷ್ಟ್ರು. ಬೆಳಿಗ್ಗೆಯಿಂದ ಆನ್‌ಲೈನ್ ತರಗತಿಯಲ್ಲಿ, ಮುಖ ತೋರಿಸದ ಮೂವತ್ತೆಂಟು ಕಪ್ಪು ಚೌಕಗಳಿಗೆ ಸಮೀಕರಣ ಬಿಡಿಸಿ ತೋರಿಸಿದ್ದರು. "ನಿನ್ನವರು ಸುಳ್ಳಾದರೂ ಹೇಳ್ತಾರೆ. ನನ್ನವರು ಅದೂ ಇಲ್ಲ" ಎಂದರು.

ವಿಡಿಯೋ ಬಂದದ್ದು ಅದಾಗಿ ಎರಡು ವಾರಕ್ಕೆ. ಟಪಾಲಿನ ಗುಮಾಸ್ತೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾಗದ ಹಿಡಿದು ಗೇಟಿಗೇ ಬಂದಳು. ಸಾಲು ರಸ್ತೆಯವರೆಗೆ ಬೆಳೆದಿತ್ತು, ಬಿಸಿಲು ನೆತ್ತಿಯ ಮೇಲಿತ್ತು.

"ಮೇಡಂ, ಸಾಹೇಬ್ರು ವ್ಯಾಯಾಮದ ವಿಡಿಯೋ ಮಾಡಿಸಿದಾರೆ. ಹತ್ತು ನಿಮಿಷ ಇದೆ. ನೋಡಿ, ಸರಿಯಿದೆ ಅಂತ ಸಹಿ ಮಾಡ್ಬೇಕಂತೆ."

"ಅದರಲ್ಲಿ ವ್ಯಾಯಾಮ ಮಾಡೋರು ಯಾರು?"

"ಸಾಹೇಬ್ರೇ."

ಮೇಡಂ ಜ್ವರಮಾಪಕ ಹಿಡಿದ ಕೈಯಿಂದಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಿನ ಮುಂದಿದ್ದವನೂ ಏನೆಂದು ತಿಳಿಯದೆ ನಕ್ಕ.

"ಆ ಮನುಷ್ಯ ಕುರ್ಚಿಯಿಂದ ಎದ್ದದ್ದನ್ನೇ ನಾನು ನೋಡಿಲ್ಲ!"

"ಒಂದ್ ಸಲ ನೋಡ್ಬಿಡಿ ಮೇಡಂ. ಇವತ್ತೇ ಇಂಟರ್ನೆಟ್ಟಿಗೆ ಹಾಕಿ ರೋಗಿಗಳಿಗೆಲ್ಲ ಕಳಿಸ್ಬೇಕಂತೆ."

"ಅವರ ಮುಖ ನೋಡೋದಕ್ಕೆ ನನಗೆ ಸಂಬಳ ಕೊಡಲ್ಲ. ಯಾರು ನೋಡ್ತಾರೆ ಇದನ್ನ? ಅವರ ಹೆಂಡತಿ ಕೂಡ ನೋಡಲ್ಲ. ಕೊಡಿಲ್ಲಿ."

ಜ್ವರದ ಪುಸ್ತಕದ ಮೇಲೆ ಕಾಗದವಿಟ್ಟು, ಪರಿಶೀಲಿಸಿದವರು ಎಂದಿದ್ದ ಕಡೆ ಸರ್ರನೆ ಸಹಿ ಎಳೆದರು. ಬಾಲ ಉದ್ದವಾಗಿ, ಒಂದಿಷ್ಟು ತಿರಸ್ಕಾರ ಕಾಣುವ ಹಾಗೆಯೇ ಎಳೆದರು. ಆ ದಿನ ಮನೆಯಲ್ಲಿ, ಸಾಹೇಬರು ಬಸ್ಕಿ ಹೊಡೆಯುವುದನ್ನು ಅಭಿನಯಿಸಿ ತೋರಿಸಿದಾಗ ಗಂಡ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇಬ್ಬರೂ ಅಷ್ಟು ನಕ್ಕು ತಿಂಗಳ ಮೇಲಾಗಿತ್ತು.

ಸಹಿ ಹಾಕಿದ ಹನ್ನೆರಡನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗೇಟಿನೊಳಕ್ಕೆ ಆಂಬುಲೆನ್ಸು ಬಂತು. ಹಿಂಬಾಗಿಲು ತೆರೆದಾಗ ಮೊದಲು ಇಳಿದವಳು ಜೆರಾಕ್ಸಮ್ಮನ ತಂಗಿ. ಆಮೇಲೆ ಸ್ಟ್ರೆಚರು. ಮೇಡಂ ದೂರದಿಂದಲೇ ಕಾಲು ನೋಡಿದರು. ಬಲಗಾಲು ಎಡದಕ್ಕಿಂತ ಎರಡು ಬೆರಳು ಗಿಡ್ಡವಾಗಿ, ಮಂಡಿ ಒಳಕ್ಕೆ ತಿರುಗಿಕೊಂಡಿತ್ತು. ಅದನ್ನು ಗುರುತಿಸಲು ಎಕ್ಸ್‌ರೇ ತೆಗೆಸಬೇಕಾಗಿರಲಿಲ್ಲ; ಕೂರಿಸಿದ ಗುಂಡು ಕೀಲಿನಿಂದ ಹಿಂದಕ್ಕೆ ಜಾರಿ ಹೊರಬಿದ್ದಿತ್ತು.

ಜ್ವರಮಾಪಕವನ್ನು ಕಾವಲುಗಾರನ ಕೈಗೆ ತುರುಕಿ ಮೇಡಂ ಹಿಂದೆಯೇ ಓಡಿದರು. ಆದರೆ ಓಡಿ ತಲುಪುವಂಥದ್ದೇನೂ ಇರಲಿಲ್ಲ. ಸೋಂಕಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಯಾರನ್ನೂ ಒಳಗೆ ಬಿಡಬಾರದೆಂಬ ಸುತ್ತೋಲೆಯಿತ್ತು. ಅಂಗಳದ ಡೇರೆಯಲ್ಲಿ, ಗಿರ್ರೆನ್ನುವ ಫ್ಯಾನಿನ ಕೆಳಗೆ ಸ್ಟ್ರೆಚರು ನಿಂತಿತು. ಜೆರಾಕ್ಸಮ್ಮನ ತುಟಿ ಬಿಳಚಿಕೊಂಡಿತ್ತು. ಅಂಥ ನೋವಿನಲ್ಲಿಯೂ ಹಲ್ಲು ಕಚ್ಚಿಕೊಂಡು ಮಾತಾಡಿದಳು.

"ನೀವು ಹೇಳಿದ್ದನ್ನೇ ಮಾಡಿದೆ ಮೇಡಂ."

"ನಾನು ಹೇಳಿದ್ದಾ? ನೆಲದ ಮೇಲೆ ಕೂರಬೇಡಿ ಅಂತ ಅಷ್ಟು ಬಡ್ಕೊಂಡೆನಲ್ಲ!"

"ಬೇರೆ ಹೇಳೋ ತನಕ ಅಂದಿದ್ರಿ. ಆಮೇಲೆ ವಿಡಿಯೋದಲ್ಲಿ ಬೇರೆ ಹೇಳಿದ್ರಲ್ಲ."

ಮೇಡಂ ಪಕ್ಕದ ಮಂಚದಿಂದ ಒಂದು ದಿಂಬು ಎಳೆದುಕೊಂಡರು.

"ನಾನು ಬೇಡ ಅಂದೆ" ಎಂದಳು ತಂಗಿ. "ಅಕ್ಕ, ಈ ಮನುಷ್ಯ ಡಾಕ್ಟರ್ ಥರ ಕಾಣಲ್ಲ, ಬೇಡ ಅಂದೆ."

"ಅವನ ಮುಖ ನೋಡಿ ನಾನು ನಂಬ್ತೀನಾ?" ಜೆರಾಕ್ಸಮ್ಮ ಉಸಿರು ಹಿಡಿದು ಬಿಟ್ಟಳು. "ಕೊನೇಲಿ ನಿಮ್ಮ ಹೆಸರಿತ್ತು. ಕೆಳಗೆ ಸಹಿ. ಇಪ್ಪತ್ತು ವರ್ಷದಿಂದ ಜೆರಾಕ್ಸ್ ಮಾಡ್ತಿದೀನಿ, ನಿಮ್ಮ ಸಹಿ ನನಗೆ ಗೊತ್ತಿಲ್ವಾ? ಮೇಡಂ ನೋಡಿದಾರೆ, ಸರಿಯಾಗೇ ಇರತ್ತೆ ಅಂದ್ಕೊಂಡು ಕೂತೆ. ಕೂತು ಬಗ್ಗಿದೆ. ಟಪ್ ಅಂತು."

ಫಲಿತಾಂಶ ಬರಲು ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮೇಡಂ ಅವಳ ಎರಡು ಕಾಲಿನ ನಡುವೆ ದಿಂಬಿಟ್ಟು, ಪಾದ ಅಲುಗದಂತೆ ಹಿಡಿದುಕೊಂಡು ನಿಂತಿದ್ದರು. ಮುಟ್ಟಬಾರದು ಎಂದು ಡೇರೆಯ ನರ್ಸು ಎರಡು ಸಲ ಹೇಳಿ, ಮೇಡಂ ನೋಡಿದ ನೋಟಕ್ಕೆ ಮೂರನೆಯ ಸಲ ಹೇಳದೆ ಹೋದಳು. ಸಂಜೆ ಮೂಳೆ ಡಾಕ್ಟರು ಅರಿವಳಿಕೆ ಕೊಟ್ಟು ಎಳೆದು, ತಿರುವಿ, ಗುಂಡನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದರು. ಸೊಂಟದಿಂದ ತೊಡೆಯವರೆಗೆ ಗಟ್ಟಿ ಪಟ್ಟಿ ಬಿಗಿದು, ಆರು ವಾರ ಬಿಚ್ಚಬಾರದೆಂದರು.

ಆಮೇಲೆ ಮೇಡಂ ಗೇಟಿನ ಕಲ್ಲುಬೆಂಚಿನ ಮೇಲೆ ಕುಳಿತು, ಫೋನು ತೆಗೆದು ವಿಡಿಯೋ ನೋಡಿದರು. ಸೊಂಟ, ಮಂಡಿ, ಬೆನ್ನು, ಭುಜ, ಎಲ್ಲಕ್ಕೂ ಹತ್ತೇ ನಿಮಿಷ ಎಂದು ಅದರ ಹೆಸರು. ಸಾಹೇಬರು ಬಿಳಿಯ ಹೊಸ ಟ್ರ್ಯಾಕ್ ಸೂಟಿನಲ್ಲಿ, ಪ್ಲಾಸ್ಟಿಕ್ ಗಿಡದ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಮೊದಲ ಐದು ನಿಮಿಷ ಕೈ ಬೀಸಿದರು, ಕತ್ತು ತಿರುಗಿಸಿದರು; ಅದರಿಂದ ಯಾರಿಗೂ ಉಪಕಾರವಿಲ್ಲ, ಅಪಕಾರವೂ ಇಲ್ಲ. ಆರನೆಯ ನಿಮಿಷಕ್ಕೆ ಚಾಪೆ ಹಾಸಿ, "ಸೊಂಟದ ಶಸ್ತ್ರಚಿಕಿತ್ಸೆ ಆದವರು ಈಗ ಚಕ್ಕಳಮಕ್ಕಳ ಹಾಕಿ ಕುಳಿತು, ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟಿ" ಎಂದರು. ತಾವು ಬಗ್ಗಿದರು. ಅವರ ಕೈ ಮಂಡಿ ದಾಟಲಿಲ್ಲ. "ನೋವಾದರೆ ಹೆದರಬೇಡಿ, ನೋವು ಗುಣವಾಗುತ್ತಿರುವ ಲಕ್ಷಣ" ಎಂದು ಏದುಸಿರು ಬಿಡುತ್ತ ನಕ್ಕರು. ಕೊನೆಗೆ ತೆರೆಯ ತುಂಬ ಮೇಡಂ ಅವರ ಹೆಸರು, ಹುದ್ದೆ, ಉದ್ದ ಬಾಲದ ಸಹಿ.

ಹನ್ನೊಂದು ಸಾವಿರ ಜನ ನೋಡಿದ್ದರು. ನೋಡದೆ ಇದ್ದವರು ತಾವೊಬ್ಬರೇ ಏನೋ ಎನಿಸಿತು.

ಸಾಹೇಬರನ್ನು ಮನಸ್ಸಿನಲ್ಲಿ ಬೈಯಲು ಶುರುಮಾಡಿದರು. ಅಂಥ ಹೊತ್ತಿಗೆಂದು ಕೂಡಿಟ್ಟುಕೊಂಡ ಬೈಗುಳ ಬೇಕಾದಷ್ಟಿತ್ತು. ಆದರೆ ಎರಡು ಬೈಗುಳ ದಾಟುವ ಮೊದಲೇ ಅದು ತಿರುಗಿ ತಮ್ಮ ಮೇಲೆಯೇ ಬರತೊಡಗಿತು. ಆ ಮನುಷ್ಯನಿಗೆ ಕೀಲು ಎಂದರೇನೆಂದೇ ಗೊತ್ತಿಲ್ಲ. ತನಗೆ ಗೊತ್ತಿಲ್ಲವೆಂದು ಗೊತ್ತಿರುವಷ್ಟಾದರೂ ಬುದ್ಧಿಯಿತ್ತು. ಅದಕ್ಕೇ ಗೊತ್ತಿದ್ದವರ ಹತ್ತಿರ ಕಳಿಸಿದ್ದ. ಗೊತ್ತಿದ್ದವರು ಬಿಸಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮನೆಯಲ್ಲಿ ಗಂಡನಿಗೆ ಹೇಳಿದಾಗ ಅವರು, "ನಾನೂ ನಕ್ಕೆನಲ್ಲೇ" ಎಂದರು.

"ನೀವು ನಗಬಹುದು ರೀ. ನೀವು ಸಹಿ ಹಾಕಿರಲಿಲ್ಲ."

ಮರುದಿನ ಬೆಳಿಗ್ಗೆ ಮೇಡಂ ಒಂದು ಪತ್ರ ಬರೆದು ಮುಖ್ಯ ವೈದ್ಯರ ಮೇಜಿನ ಮೇಲಿಟ್ಟು, ಅದರ ಪ್ರತಿ ಹಿಡಿದು ಸಾಹೇಬರ ಕೋಣೆಗೆ ಹೋದರು. ಸಾಹೇಬರು ಮೇಜಿನ ಮುಂದೆ ಪಾರದರ್ಶಕ ಪರದೆ ಇಳಿಬಿಟ್ಟುಕೊಂಡು, ಅದರ ಹಿಂದೆ ಪ್ಯಾಕೆಟ್ಟಿನೊಳಗಿನ ಬಿಸ್ಕತ್ತಿನಂತೆ ಕುಳಿತಿದ್ದರು.

"ಕೇಳಿದೆ, ಕೇಳಿದೆ" ಎಂದರು. "ವಿಷಾದದ ಸಂಗತಿ. ಆದ್ರೆ ಭಾವಾವೇಶ ಬೇಡ ಮೇಡಂ. ಹನ್ನೊಂದು ಸಾವಿರ ಜನಕ್ಕೆ ಉಪಯೋಗ ಆಗಿದೆ. ಒಬ್ಬರಿಗೆ ಸ್ವಲ್ಪ ಅನಾನುಕೂಲ ಆಗಿರಬಹುದು."

"ಅನಾನುಕೂಲ ಅಲ್ಲ ಸಾರ್. ಸೊಂಟದ ಕೀಲು ತಪ್ಪಿದೆ."

"ರೋಗಿಗಳೂ ಸ್ವಲ್ಪ ಜಾಗರೂಕರಾಗಿರಬೇಕು. ಅಲ್ಲದೆ," ಸಾಹೇಬರು ಒಂದು ಕಡತ ತೆರೆದು, ಪರದೆಗೆ ಅಂಟಿಸಿ ಹಿಡಿದರು. ಮೊದಲೇ ತೆಗೆದಿಟ್ಟುಕೊಂಡಿದ್ದರು. "ಇಲ್ಲಿ ನಿಮ್ಮ ಸಹಿಯಿದೆ."

"ಇದೆ. ಅದಕ್ಕೇ ಬಂದೆ."

ಪತ್ರವನ್ನು ಪರದೆಯ ಕೆಳಗಿನಿಂದ ತಳ್ಳಿದರು. ಸಾಹೇಬರು ಅದರ ಮೇಲೆ ದ್ರಾವಣ ಸಿಂಪಡಿಸಿ, ಒರೆಸಿ, ಓದಿದರು. ಮೊದಲ ಪ್ಯಾರಾದಲ್ಲಿ ಮೇಡಂ, ತಾವು ವಿಡಿಯೋ ನೋಡದೆಯೇ ನೋಡಿದ್ದೇನೆಂದು ಸಹಿ ಹಾಕಿದ್ದಾಗಿಯೂ, ರೋಗಿ ಆ ಸಹಿ ನಂಬಿಯೇ ಪೆಟ್ಟು ತಿಂದದ್ದಾಗಿಯೂ ಬರೆದಿದ್ದರು. ಎರಡನೆಯದರಲ್ಲಿ ಆ ವ್ಯಾಯಾಮಗಳನ್ನು ಆರಿಸಿದವರು ಯಾರು, ಮಾಡಿ ತೋರಿಸಿದವರು ಯಾರು, ಫಿಸಿಯೋಥೆರಪಿ ಕೋಣೆ ಮುಚ್ಚಿಸಿದವರು ಯಾರು ಎಂದಿತ್ತು. ಮೂರನೆಯದು ವಿಡಿಯೋ ಇವತ್ತೇ ತೆಗೆಯಬೇಕು, ಕೋಣೆ ತೆರೆಯಬೇಕು ಎಂಬ ಬೇಡಿಕೆ.

ಸಾಹೇಬರು ಓದಿ ಮುಗಿಸಿ ತಲೆದೂಗಿದರು. "ಮೊದಲನೇ ಪ್ಯಾರಾ ತುಂಬಾ ಚೆನ್ನಾಗಿದೆ. ಪ್ರಾಮಾಣಿಕವಾಗಿದೆ. ಎರಡನೇದು ಅನವಶ್ಯಕ ಅನ್ಸತ್ತೆ. ಅದನ್ನ ತೆಗೆದು ಕೊಡಿ, ಮುಂದಕ್ಕೆ ಕಳಿಸೋಣ."

ಮೇಡಂ ಅವರಿಗೆ ಆ ದಿನ ಮೊದಲ ಬಾರಿ ನಗು ಬಂತು. "ಮೂಲ ಆಗಲೇ ಮುಖ್ಯ ವೈದ್ಯರ ಮೇಜಿನ ಮೇಲಿದೆ ಸಾರ್. ಮೂರು ಪ್ಯಾರಾನೂ ಇದೆ."

ಪರದೆಯ ಹಿಂದೆ ಮುಖ ಪೆಚ್ಚಾದದ್ದು ಚೆನ್ನಾಗಿಯೇ ಕಾಣಿಸಿತು. ಪಾರದರ್ಶಕ ಪರದೆಯ ಒಂದೇ ಉಪಯೋಗ ಅದು.

ತೀರ್ಮಾನಕ್ಕೆ ವಾರ ಹಿಡಿಯಿತು. ವಿಡಿಯೋ ಮಾತ್ರ ಅದೇ ಸಂಜೆ ಮಾಯವಾಯಿತು, ಏಕೆಂದರೆ ಮೂಳೆ ಡಾಕ್ಟರು ಅದನ್ನು ತಾವೂ ನೋಡಿ, ಮುಖ್ಯ ವೈದ್ಯರ ಕೋಣೆಯಲ್ಲಿ ಮೂರು ಮಹಡಿಗೆ ಕೇಳುವಂತೆ ಕೂಗಾಡಿದ್ದರು. ಮೇಡಂ ಅವರಿಗೆ ಲಿಖಿತ ಎಚ್ಚರಿಕೆ ಬಂತು; ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಸೇರಿಸಿದರು. ಮೇಡಂ ಅದನ್ನು ಅಕ್ಷರ ಬಿಡದೆ ಓದಿ ಸಹಿ ಹಾಕಿದರು. ಸಾಹೇಬರಿಗೆ ಏನೂ ಆಗಲಿಲ್ಲ. ಆಡಳಿತಕ್ಕೆ ವೈದ್ಯಕೀಯ ಜ್ಞಾನ ಇರಬೇಕೆಂಬ ನಿಯಮವಿಲ್ಲ ಎಂಬುದು ವಿಚಾರಣೆಯ ಸಾರಾಂಶ. ಅಷ್ಟೇ ಅಲ್ಲ, ಹೊರರೋಗಿಗಳ ಹಿತದೃಷ್ಟಿಯಿಂದ ಫಿಸಿಯೋಥೆರಪಿಯನ್ನು ಅತ್ಯಗತ್ಯ ಸೇವೆಯೆಂದು ಆಡಳಿತವು ಗುರುತಿಸಿದೆ ಎಂಬ ಹೊಸ ಸುತ್ತೋಲೆಗೆ ಅವರದೇ ರುಜು. ಗುರುತಿಸಿದ್ದು ತಾವೇ ಎಂಬಂತೆ ಒಂದು ವಾರ ಎದೆಯುಬ್ಬಿಸಿ ಓಡಾಡಿದರು.

ದಿನಕ್ಕೆ ಆರು ಜನ, ಕಿಟಕಿಗಳೆಲ್ಲ ತೆರೆದಿರಬೇಕು, ಒಬ್ಬರು ಹೋದ ಮೇಲೆ ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು. ಮೇಡಂ ಗೌನುಗಳನ್ನು ಎಳೆದು ಹಾಕಿ, ಪೆಟ್ಟಿಗೆಗಳನ್ನು ಹೊರಗೆ ಹೊತ್ತು, ಕಂಬಿ ಒರೆಸಿದರು. ಅದೇ ಗೌನು ತೊಟ್ಟು, ಕನ್ನಡಕದೊಳಗೆ ಬೆವರು ಇಳಿಯುತ್ತ, ನಲವತ್ತಮೂರು ಹೆಸರುಗಳನ್ನು ಒಂದೊಂದಾಗಿ ಕರೆಸಿದರು. ಹನ್ನೊಂದು ಜನ ಬರಲೇ ಇಲ್ಲ. ಅವರಲ್ಲಿ ಮೂವರ ಫೋನನ್ನು ಬೇರೆ ಯಾರೋ ಎತ್ತಿ, ಇನ್ನು ಮಾಡಬೇಡಿ ಎಂದರು. ದರ್ಜಿಯ ಬೆರಳುಗಳು ಅರ್ಧ ಮುಷ್ಟಿಯಲ್ಲೇ ಮರಗಟ್ಟಿದ್ದವು. "ಬೇಕಾದಷ್ಟು" ಮಡಚುತ್ತಿದ್ದ ಕಂಡಕ್ಟರನ ಮಂಡಿ ನಲವತ್ತು ಡಿಗ್ರಿಯಲ್ಲಿ ಬೀಗ ಹಾಕಿಕೊಂಡಿತ್ತು. ಈಗ ಅವನು ಕೂಗಲೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಫೋನಲ್ಲಿ ಬಯ್ಯೋದು ಸಾಲಲಿಲ್ಲ ಮೇಡಂ, ಎದುರಿಗೆ ನಿಂತು ಬಯ್ಯಬೇಕಿತ್ತು" ಎಂದ.

ಜೆರಾಕ್ಸಮ್ಮ ಬಂದದ್ದು ಪಟ್ಟಿ ಬಿಚ್ಚಿದ ಮರುದಿನ. ತೊಡೆ ಸೊರಗಿ ಕೈಯಷ್ಟಾಗಿತ್ತು. ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಾಲು ಮುಟ್ಟುವ ಮೊದಲೇ ಮೇಡಂ ಹೇಳಿದರು.

"ಒಂದು ವಿಷಯ ಹೇಳ್ಬೇಕು. ಆ ವಿಡಿಯೋ ನಾನು ನೋಡಿರಲಿಲ್ಲ. ನೋಡದೆ ಸಹಿ ಹಾಕಿದ್ದೆ."

ಜೆರಾಕ್ಸಮ್ಮ ಮಾಸ್ಕಿನ ಮೇಲಿನಿಂದ ದಿಟ್ಟಿಸಿದಳು. ತಂಗಿ ಕೈಲಿದ್ದ ಚೀಲವನ್ನು ಕೆಳಗಿಟ್ಟಳು.

"ಹತ್ತು ನಿಮಿಷದ್ದು. ನೋಡಕ್ಕೆ ಏನಾಗಿತ್ತು ನಿಮಗೆ?"

"ಅಸಡ್ಡೆ."

"ಯಾರ ಮೇಲೆ?"

"ಸಾಹೇಬರ ಮೇಲೆ."

"ಬಿದ್ದಿದ್ದು ನನ್ನ ಮೇಲೆ."

ಮೇಡಂ ಹೌದೆಂದು ತಲೆಯಾಡಿಸಿದರು.

"ಒಂದೇ ಒಂದು ಪುಟ ಜೆರಾಕ್ಸ್ ಮಾಡಿದ್ರೂ ಅಂಚು ಸರಿಯಾಗಿ ಬಂದಿದೆಯಾ ಅಂತ ನೋಡಿ ಕೊಡ್ತೀನಿ ನಾನು" ಎಂದಳು ಜೆರಾಕ್ಸಮ್ಮ. ದನಿ ಏರಿರಲಿಲ್ಲ. "ಹೆಚ್ಚು ಓದಿದವಳಲ್ಲ ನಾನು. ಅದರಲ್ಲಿ ಏನು ಬರೆದಿದೆ ಅಂತ ಎಷ್ಟೋ ಸಲ ಗೊತ್ತಾಗಲ್ಲ. ಆದ್ರೂ ನೋಡ್ತೀನಿ. ನೀವು ಎಲ್ಲರನ್ನೂ ನೋಡಿ ಮೂಗು ಮುರೀತೀರಲ್ಲ, ನಾವೂ ಜೊತೆಗೆ ನಗ್ತಿದ್ವಿ. ಮೇಡಂ ಬಾಯಿ ಜೋರು, ಕೆಲಸ ಅಚ್ಚುಕಟ್ಟು ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಬಾಯೊಂದೇ ಉಳೀತು ಹಾಗಾದ್ರೆ."

"ಅಕ್ಕ, ಬಿಡು. ತಪ್ಪು ಒಪ್ಪಿಕೊಂಡರಲ್ಲ" ಎಂದಳು ತಂಗಿ.

"ನೀನು ಸುಮ್ನಿರೇ. ನೋವು ನಿನಗಾಯ್ತಾ?"

ಕಿಟಕಿಯಾಚೆ ಗೇಟಿನಲ್ಲಿ ಕಾವಲುಗಾರ ಯಾರಿಗೋ ವೃತ್ತದೊಳಗೆ ನಿಲ್ಲುವಂತೆ ಕೂಗುತ್ತಿದ್ದ. ಮೇಡಂ ನಿಂತೇ ಇದ್ದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಬೈಸಿಕೊಂಡು ನಿಂತದ್ದು ಅದೇ ಮೊದಲು.

"ಕ್ಷಮಿಸಿದೆ ಗಿಮಿಸಿದೆ ಅಂತೆಲ್ಲ ನಾನು ಹೇಳಲ್ಲ" ಎಂದಳು ಜೆರಾಕ್ಸಮ್ಮ, ಕುರ್ಚಿಯ ಹಿಡಿಗೆ ಕೈಯೂರುತ್ತ. "ಈ ಕಾಲು ನೆಟ್ಟಗಾಗಲಿ, ಆಮೇಲೆ ಯೋಚನೆ ಮಾಡ್ತೀನಿ. ಬೈದಿದ್ದು ಆಯ್ತು. ಈಗೇನು ಮಾಡ್ಬೇಕು ಹೇಳಿ. ಹೇಳಿ ಆ ಕಡೆ ಹೋಗಬೇಡಿ. ನಿಂತ್ಕೊಂಡು ನೋಡಿ."

ಮೇಡಂ ಅವಳನ್ನು ಎಬ್ಬಿಸಿ ಜೋಡಿ ಕಂಬಿಗಳ ನಡುವೆ ನಿಲ್ಲಿಸಿದರು. ಒಂದು ಕೈ ಅವಳ ಸೊಂಟದ ಮೇಲೆ, ಇನ್ನೊಂದು ಸೊರಗಿದ ತೊಡೆಯ ಹಿಂದೆ. "ಮೊದಲು ಕೈ, ಆಮೇಲೆ ಪೆಟ್ಟಾದ ಕಾಲು, ಆಮೇಲೆ ಒಳ್ಳೆ ಕಾಲು. ಒಳಕ್ಕೆ ತಿರುಗಿಸಬೇಡಿ, ಪಾದ ನೇರ." ಗವಸಿನೊಳಗಿನಿಂದಲೂ ಸ್ನಾಯು ಅದುರುವುದು ತಿಳಿಯುತ್ತಿತ್ತು. ಎಂಟು ಹೆಜ್ಜೆಗೆ ಏಳು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮೇಡಂ ಆ ಪಾದದಿಂದ ಕಣ್ಣು ತೆಗೆಯಲಿಲ್ಲ, ಹಾಸ್ಯದ ಮಾತೊಂದನ್ನೂ ಆಡಲಿಲ್ಲ.

ಕಂಬಿಯ ತುದಿ ಮುಟ್ಟಿ ಜೆರಾಕ್ಸಮ್ಮ ಏದುಸಿರು ಬಿಟ್ಟಳು. "ಇಷ್ಟೇನಾ?"

"ಇವತ್ತಿಗೆ ಇಷ್ಟೇ."

"ನಿಮ್ಮ ಸಾಹೇಬ ಹತ್ತು ನಿಮಿಷದಲ್ಲಿ ಮೈಯೆಲ್ಲ ಮುಗಿಸಿಬಿಟ್ಟಿದ್ದ."

ತಂಗಿ ನಕ್ಕಳು. ಮೇಡಂ ನಗಲಿಲ್ಲ, ವಾಕರನ್ನು ಹತ್ತಿರಕ್ಕೆ ಎಳೆದುಕೊಟ್ಟು, ಅದರ ನಾಲ್ಕೂ ಕಾಲು ನೆಲಕ್ಕೆ ಕೂತಿವೆಯೇ ಎಂದು ಬಗ್ಗಿ ನೋಡಿದರು.

ನಾಲ್ಕು ತಿಂಗಳಿಗೆ ಜೆರಾಕ್ಸಮ್ಮ ಕೋಲು ಹಿಡಿದು ಅಂಗಡಿ ತೆರೆದಳು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಆಯಾಸವಾದ ದಿನ ಬಲಕ್ಕೆ ವಾಲುತ್ತಾಳೆ. ಸಾಹೇಬರಿಗೆ ಬಡ್ತಿಯಾಗಿ ಇನ್ನೂ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಸುತ್ತೋಲೆ ಬರೆಯಲು ಅವರಿಗೆ ಇಬ್ಬರು ಸಹಾಯಕರಿದ್ದಾರಂತೆ. ಯೋಚನೆ ಮಾಡುತ್ತೇನೆ ಎಂದಿದ್ದ ಮಾತಿನ ಬಗ್ಗೆ ಜೆರಾಕ್ಸಮ್ಮ ಮತ್ತೆ ಏನೂ ಹೇಳಲಿಲ್ಲ. ಮೇಡಂ ಕ್ಷಮೆ ಕೇಳಿಕೊಂಡು ಹೋಗಲೂ ಇಲ್ಲ. ತಿಂಗಳಿಗೊಮ್ಮೆ, ಕೆಲಸ ಮುಗಿಸಿ ಹೋಗುವಾಗ ಅಂಗಡಿಯ ಮುಂದೆ ನಿಂತು "ನಾಲ್ಕು ಹೆಜ್ಜೆ ನಡೀರಿ ನೋಡೋಣ" ಎನ್ನುತ್ತಾರೆ. ಗಿರಾಕಿಗಳಿದ್ದರೂ ಲೆಕ್ಕಿಸದೆ ಜೆರಾಕ್ಸಮ್ಮ ಗೊಣಗುತ್ತ ಎದ್ದು, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಂದು, ಬಾಗಿಲವರೆಗೆ ನಡೆದು ತೋರಿಸುತ್ತಾಳೆ.